ರಾತ್ರಿ ಪಾಳಿಯ ಲೆಕ್ಕ: ಆಸ್ಪತ್ರೆ ಸಿಬ್ಬಂದಿಯ ಒತ್ತಡ, ಅದನ್ನು ತಾಳುವ ಬಗೆ, ಕೂಡಿ ದುಡಿಯುವ ಬಗೆ

ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಸಾಮಾನ್ಯವಾಗಿ ಎಂಟಕ್ಕೆ ಶುರುವಾಗಿ ಬೆಳಗಿನ ಎಂಟಕ್ಕೆ ಮುಗಿಯುತ್ತದೆ. ಮಧ್ಯಾಹ್ನದ ಪಾಳಿ ಮುಗಿಸಿದ ಸಿಸ್ಟರ್ ಮನೆಗೆ ಹೋಗುವ ಕೊನೆಯ ಬಸ್ಸಿನ ಮೇಲೆ ಒಂದು ಕಣ್ಣಿಟ್ಟೇ ಹ್ಯಾಂಡೋವರ್ ಕೊಡುತ್ತಾರೆ. ಮೂರನೇ ಬೆಡ್‌ಗೆ ಹತ್ತು ಗಂಟೆಗೆ ಆಂಟಿಬಯಾಟಿಕ್, ಏಳನೇ ಬೆಡ್‌ನವರ ಸಕ್ಕರೆ ಮತ್ತೆ ನೋಡಬೇಕು, ಹನ್ನೊಂದನೆಯವರ ಉಸಿರಾಟ ಸರಿಯಿಲ್ಲ, ಡ್ಯೂಟಿ ಡಾಕ್ಟರಿಗೆ ಹೇಳಿಯಾಗಿದೆ, ಅವರು ಕ್ಯಾಶುವಾಲ್ಟಿಯಲ್ಲಿ ಸಿಕ್ಕಿಕೊಂಡಿದ್ದಾರೆ. ಇಷ್ಟು ಹೇಳುವ ಹೊತ್ತಿಗೆ ಬಾಗಿಲಲ್ಲಿ ಹೊಸ ಅಡ್ಮಿಷನ್ ಬಂದು ನಿಂತಿರುತ್ತದೆ.

ರಾತ್ರಿಯ ಸಿಸ್ಟರ್ ಒಂದು ಇಂಜೆಕ್ಷನ್ ಕೊಡುವುದನ್ನು ಹತ್ತಿರ ನಿಂತು ನೋಡಬೇಕು. ಕೇಸ್ ಶೀಟ್ ತೆರೆದು ವೈದ್ಯರ ಅಕ್ಷರ ಓದುತ್ತಾರೆ. ವಯಲ್ ತೆಗೆದು ಅದರ ಮೇಲಿನ ಹೆಸರು, ಅವಧಿ ನೋಡುತ್ತಾರೆ. ಪುಡಿಗೆ ನೀರು ಬೆರೆಸಿ, ಪೂರ್ತಿ ಕರಗುವವರೆಗೆ ಅಂಗೈಗಳ ನಡುವೆ ಹೊರಳಿಸಿ, ಸಿರಿಂಜಿಗೆ ಎಳೆದು, ಗಾಳಿಗುಳ್ಳೆ ತೆಗೆಯುತ್ತಾರೆ. ರೋಗಿಯನ್ನು ಎಬ್ಬಿಸಿ ಹೆಸರು ಕೇಳುತ್ತಾರೆ. ಕ್ಯಾನುಲಾ ಹಾಕಿದ ಜಾಗ ಊದಿಕೊಂಡಿದೆಯೇ ಎಂದು ಒತ್ತಿ ನೋಡಿ, ಔಷಧವನ್ನು ನಿಧಾನವಾಗಿ ಬಿಟ್ಟು, ಸೂಜಿಯನ್ನು ಅದರ ಡಬ್ಬಕ್ಕೆ ಹಾಕಿ, ಕೈ ತೊಳೆದು, ಸಮಯ ಬರೆದು ಸಹಿ ಮಾಡುತ್ತಾರೆ. ಎಲ್ಲವನ್ನೂ ಸರಿಯಾಗಿ ಮಾಡಲು ಎಂಟು ನಿಮಿಷ ಎಂದು ಇಟ್ಟುಕೊಂಡರೂ ಮೂವತ್ತು ರೋಗಿಗಳಿಗೆ ನಾಲ್ಕು ಗಂಟೆ ಬೇಕು. ಹತ್ತು ಗಂಟೆಯ ಇಂಜೆಕ್ಷನ್ ಕೊನೆಯ ಬೆಡ್‌ಗೆ ತಲುಪುವಾಗ ರಾತ್ರಿ ಎರಡು. ಅಷ್ಟರೊಳಗೆ ಯಾರೂ ಕೆಮ್ಮಬಾರದು, ಯಾರ ಡ್ರಿಪ್ಪೂ ಮುಗಿಯಬಾರದು, ಯಾವ ಅಟೆಂಡರೂ ಬಂದು “ಸಿಸ್ಟರ್, ನಮ್ಮಮ್ಮ ಯಾಕೋ ಒಂಥರಾ ಮಾಡ್ತಿದ್ದಾರೆ” ಎನ್ನಬಾರದು. ಅಂಥ ರಾತ್ರಿ ಎಲ್ಲಿಯೂ ಇಲ್ಲ. ಆದ್ದರಿಂದ ಯಾವುದೋ ಒಂದು ಹಂತ ಬಿಟ್ಟುಹೋಗುತ್ತದೆ. ಯಾವುದನ್ನು ಬಿಡಬೇಕು ಎಂಬ ತೀರ್ಮಾನವನ್ನು ಪ್ರತಿ ರಾತ್ರಿ ಒಬ್ಬರೇ ಮಾಡಬೇಕು. ಈ ಉಪನ್ಯಾಸದ ವಿಷಯವಾದ ಒತ್ತಡ ಮೂಲತಃ ಇದು.

ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದ ಪ್ರಕಾರ ಬೋಧನಾ ಆಸ್ಪತ್ರೆಯಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್, ಸಾಮಾನ್ಯ ಆಸ್ಪತ್ರೆಯಲ್ಲಿ ಐವರಿಗೆ ಒಬ್ಬ ನರ್ಸ್ ಇರಬೇಕು. ಸರ್ಕಾರಿ ವಾರ್ಡಿನಲ್ಲಿ ಹತ್ತಿರದವರನ್ನು ಮಲಗಿಸಿ ಒಂದು ರಾತ್ರಿ ಕಳೆದವರಿಗೆ ಕಾಗದಕ್ಕೂ ಕಣ್ಣಿಗೆ ಕಂಡದ್ದಕ್ಕೂ ಇರುವ ದೂರ ಗೊತ್ತು. ಆದರೂ ಆಸ್ಪತ್ರೆಯಲ್ಲಿ ಸಿಟ್ಟಿನ ಮಾತು ಕೇಳಿಸಿದಾಗ, ತಪ್ಪು ನಡೆದಾಗ, ನರ್ಸ್ ಒಬ್ಬರು ಕೆಲಸ ಬಿಟ್ಟು ಹೋದಾಗ ಮೊದಲು ಬರುವ ವಿವರಣೆ ವ್ಯಕ್ತಿಯ ಕುರಿತದ್ದೇ: ಅವರಿಗೆ ತಾಳ್ಮೆಯಿಲ್ಲ, ಸೇವಾ ಮನೋಭಾವವಿಲ್ಲ, ಇಂದಿನ ಹುಡುಗರಿಗೆ ಕಷ್ಟ ತಡೆಯುವ ಶಕ್ತಿಯಿಲ್ಲ. ಎಪ್ಪತ್ತು ವರ್ಷಗಳಿಂದ ಈ ವಿಷಯವನ್ನು ಅಭ್ಯಾಸ ಮಾಡಿದವರು ಕಂಡದ್ದು ಬೇರೆಯೇ. ಆಸ್ಪತ್ರೆ ಸಿಬ್ಬಂದಿಯ ಒತ್ತಡದ ಬಹುಪಾಲು ಕೆಲಸವನ್ನು ಹಂಚಿದ ರೀತಿಯಿಂದ ಹುಟ್ಟುತ್ತದೆ. ಎಷ್ಟು ಜನ, ಎಷ್ಟು ಹೊತ್ತು, ಯಾರ ಮಾತಿಗೆ ಎಷ್ಟು ಬೆಲೆ ಎಂಬುದನ್ನು ಆಸ್ಪತ್ರೆಯ ಆಡಳಿತ ತೀರ್ಮಾನಿಸುತ್ತದೆ. ಅದರ ಪರಿಣಾಮವನ್ನು ಸಿಬ್ಬಂದಿ ಮೈಮೇಲೆ ಹೊರುತ್ತಾರೆ.

ಸಂಖ್ಯೆಯ ಮಾತನ್ನು ಅಳೆದು ತೋರಿಸಿದವರು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಲಿಂಡಾ ಏಕೆನ್. ಸ್ವತಃ ನರ್ಸ್ ಆಗಿದ್ದ ಏಕೆನ್ ಮತ್ತು ಸಂಗಡಿಗರು ಆ ರಾಜ್ಯದ 168 ಆಸ್ಪತ್ರೆಗಳ ಹತ್ತು ಸಾವಿರಕ್ಕೂ ಹೆಚ್ಚು ನರ್ಸುಗಳ ಸಮೀಕ್ಷೆ ನಡೆಸಿ, ಅಲ್ಲಿ ಶಸ್ತ್ರಚಿಕಿತ್ಸೆ ಆದ ಎರಡು ಲಕ್ಷಕ್ಕೂ ಮಿಕ್ಕಿದ ರೋಗಿಗಳ ದಾಖಲೆ ಪರಿಶೀಲಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದಂತೆ, ದಾಖಲಾದ 30 ದಿನಗಳೊಳಗೆ ರೋಗಿ ಸಾಯುವ ಸಂಭವ ಶೇ. 7ರಷ್ಟು ಏರುತ್ತಿತ್ತು. ನರ್ಸ್ ದಣಿದು ಬತ್ತಿಹೋಗುವ ಸಂಭವ ಶೇ. 23ರಷ್ಟು ಏರುತ್ತಿತ್ತು. ಈ ಎರಡು ಅಂಕಿಗಳು ಒಂದೇ ಅಧ್ಯಯನದಲ್ಲಿ ಅಕ್ಕಪಕ್ಕ ಬಂದದ್ದು ಬಹಳ ಮುಖ್ಯ. ಸಿಬ್ಬಂದಿಯ ಹಿತ ಒಂದು ಕಡೆ, ರೋಗಿಯ ಹಿತ ಇನ್ನೊಂದು ಕಡೆ ಎಂದು ತಕ್ಕಡಿಗೆ ಹಾಕುವ ವಾದ ಇದರೆದುರು ನಿಲ್ಲುವುದಿಲ್ಲ. 2014ರಲ್ಲಿ ಯುರೋಪಿನ ಒಂಬತ್ತು ದೇಶಗಳಲ್ಲಿ ನೋಡಿದಾಗಲೂ ಸಾವಿನ ಅಂಕಿ ಹೆಚ್ಚುಕಡಿಮೆ ಅದೇ ಬಂತು. ಕ್ಯಾಲಿಫೋರ್ನಿಯಾ ರಾಜ್ಯ 1999ರಲ್ಲೇ ಕಾನೂನು ಮಾಡಿ, 2004ರಿಂದ ಪ್ರತಿ ವಾರ್ಡಿಗೆ ನರ್ಸ್–ರೋಗಿ ಅನುಪಾತವನ್ನು ಕಡ್ಡಾಯ ಮಾಡಿತು.

ಆದರೆ ಜನ ಸಾಕಷ್ಟಿದ್ದರೂ ಕೆಲಸದ ಏರ್ಪಾಟು ಮನುಷ್ಯರನ್ನು ಹಿಂಡಬಲ್ಲದು. ಇದನ್ನು ಎಲ್ಲರಿಗಿಂತ ಆಳವಾಗಿ ಕಂಡವರು ಇಸಬೆಲ್ ಮೆಂಜೀಸ್. 1950ರ ದಶಕದ ಕೊನೆಯಲ್ಲಿ ಲಂಡನ್ನಿನ ಒಂದು ಬೋಧನಾ ಆಸ್ಪತ್ರೆ ಈ ಮನೋವಿಶ್ಲೇಷಕಿಯ ನೆರವು ಕೇಳಿತು. ಅಲ್ಲಿ ನರ್ಸಿಂಗ್ ಕಲಿಯಲು ಸೇರಿದವರಲ್ಲಿ ಸುಮಾರು ಮೂರನೇ ಒಂದು ಭಾಗ ತರಬೇತಿ ಮುಗಿಸದೆ ಬಿಟ್ಟುಹೋಗುತ್ತಿದ್ದರು, ಹೆಚ್ಚಿನವರು ತಾವಾಗಿಯೇ. ಮೆಂಜೀಸ್ ವಾರ್ಡುಗಳ ಕೆಲಸವನ್ನು ಗಮನಿಸಿ ನೋಡಿದರು. ಒಬ್ಬ ನರ್ಸ್‌ಗೆ ಇಷ್ಟು ರೋಗಿಗಳು ಎಂದು ಅಲ್ಲಿ ಹಂಚುತ್ತಿರಲಿಲ್ಲ. ಒಬ್ಬರು ಎಲ್ಲರ ಜ್ವರ ನೋಡುವುದು, ಇನ್ನೊಬ್ಬರು ಎಲ್ಲರ ಹಾಸಿಗೆ ಸರಿಮಾಡುವುದು, ಮತ್ತೊಬ್ಬರು ಎಲ್ಲರಿಗೂ ಬೆಡ್‌ಪ್ಯಾನ್ ಇಡುವುದು. ರೋಗಿಯ ಹೆಸರಿನ ಜಾಗಕ್ಕೆ ಹಾಸಿಗೆಯ ಸಂಖ್ಯೆ, ಕಾಯಿಲೆಯ ಹೆಸರು ಬಂದಿತ್ತು. ನಮ್ಮಲ್ಲೂ “ಹನ್ನೆರಡನೇ ಬೆಡ್ ಪೇಷೆಂಟು”, “ಆ ಲಿವರ್ ಕೇಸು” ಎನ್ನುವುದುಂಟು. ಸಣ್ಣ ತೀರ್ಮಾನವನ್ನೂ ಮೇಲಿನವರಿಗೆ ಕೇಳಿ, ಅವರು ಅವರ ಮೇಲಿನವರಿಗೆ ಕೇಳಿ ಮಾಡುವ ಪದ್ಧತಿ ಇತ್ತು.

ಈ ವ್ಯವಸ್ಥೆ ಯಾಕೆ ಹೀಗೆ ಬೆಳೆಯಿತು ಎಂಬುದಕ್ಕೆ ಮೆಂಜೀಸ್ ಕೊಟ್ಟ ಉತ್ತರ ಇಂದಿಗೂ ಓದುವವರನ್ನು ತಡೆದು ನಿಲ್ಲಿಸುತ್ತದೆ. ಕೀವು, ನೋವು, ಸಾವುಗಳ ಹತ್ತಿರ ದಿನವಿಡೀ ಇರುವುದು ಭಯ ಹುಟ್ಟಿಸುವ ಕೆಲಸ. ಆ ಭಯವನ್ನು ತಡೆಯಲು ಆಸ್ಪತ್ರೆ, ಯಾರೂ ಕುಳಿತು ಯೋಜಿಸದಿದ್ದರೂ, ನರ್ಸನ್ನು ರೋಗಿಯಿಂದ ದೂರವಿಡುವ ಪದ್ಧತಿಗಳನ್ನು ಕಟ್ಟಿಕೊಂಡಿತ್ತು. ಫಲ ಮಾತ್ರ ತಿರುವುಮುರುವಾಯಿತು. ಒಬ್ಬ ರೋಗಿಯನ್ನು ಬಂದ ದಿನದಿಂದ ಗುಣವಾಗಿ ಹೋಗುವವರೆಗೆ ನೋಡಿಕೊಂಡ ತೃಪ್ತಿಯೊಂದೇ ಈ ಕೆಲಸದ ದಣಿವಿಗೆ ಮದ್ದು. ಈ ಪದ್ಧತಿ ಅದನ್ನೇ ಕಿತ್ತುಕೊಂಡಿತು. ಬಿಟ್ಟುಹೋದವರಲ್ಲಿ ಒಳ್ಳೆಯ ವಿದ್ಯಾರ್ಥಿನಿಯರೂ ಇದ್ದರು. 1960ರಲ್ಲಿ ಅಚ್ಚಾದ ಈ ವರದಿಯನ್ನು ನಮ್ಮ ಪ್ರತಿ ನರ್ಸಿಂಗ್ ಕಾಲೇಜಿನ ಪ್ರಾಂಶುಪಾಲರು, ಪ್ರತಿ ವೈದ್ಯಕೀಯ ಅಧೀಕ್ಷಕರು ಓದಬೇಕು.

ಮುಂದೆ 1974ರಲ್ಲಿ ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ದುಡಿಯುತ್ತಿದ್ದ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ತಮ್ಮಲ್ಲೂ ಜೊತೆಯವರಲ್ಲೂ ಕಂಡ ಬಳಲಿಕೆಗೆ ಬರ್ನ್‌ಔಟ್ ಎಂಬ ಹೆಸರು ಬಳಸಿದರು. ಕ್ಯಾಲಿಫೋರ್ನಿಯಾದ ಕ್ರಿಸ್ಟಿನಾ ಮಾಸ್ಲಾಕ್ ಅದಕ್ಕೆ ಮೂರು ಮುಖಗಳಿವೆ ಎಂದು ತೋರಿಸಿದರು: ಒಳಗೆಲ್ಲ ಖಾಲಿಯಾದ ಭಾವ, ರೋಗಿಯನ್ನು ವಸ್ತುವಿನಂತೆ ಕಾಣುವುದು, ಮಾಡಿದ್ದೆಲ್ಲ ವ್ಯರ್ಥ ಎನ್ನಿಸುವುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ತನ್ನ ಹೊಸ ವರ್ಗೀಕರಣಕ್ಕೆ ಸೇರಿಸಿಕೊಂಡಾಗ ರೋಗವೆಂದು ಕರೆಯಲಿಲ್ಲ. ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಬರುವ ಸ್ಥಿತಿ ಎಂದಿತು.

ಇಬ್ಬರು ಸಮಾಜವಿಜ್ಞಾನಿಗಳ ವಿಚಾರ ನಮ್ಮ ಆರೋಗ್ಯ ಇಲಾಖೆಗೆ ಅಳತೆ ಕೊಟ್ಟು ಹೊಲಿಸಿದಂತಿದೆ. ರಾಬರ್ಟ್ ಕರಾಸೆಕ್ 1979ರಲ್ಲಿ ಹೇಳಿದ್ದು: ಕೆಲಸ ಹೆಚ್ಚಿದ್ದರೂ ಅದನ್ನು ಹೇಗೆ ಮಾಡಬೇಕೆಂಬ ತೀರ್ಮಾನ ತನ್ನ ಕೈಯಲ್ಲಿದ್ದರೆ ಮನುಷ್ಯ ತಾಳುತ್ತಾನೆ; ಬೇಡಿಕೆ ಹೆಚ್ಚು, ಸ್ವಾತಂತ್ರ್ಯ ಕಡಿಮೆ ಇರುವ ಕಡೆ ಸೋಲುತ್ತಾನೆ. ಜರ್ಮನಿಯ ಯೋಹಾನೆಸ್ ಸೀಗ್ರಿಸ್ಟ್ 1996ರಲ್ಲಿ ಇನ್ನೊಂದು ಮಾತು ಸೇರಿಸಿದರು: ಪಟ್ಟ ಶ್ರಮಕ್ಕೂ ಸಿಕ್ಕ ಸಂಬಳ, ಗೌರವ, ಭದ್ರತೆಗಳಿಗೂ ತಾಳೆಯಾಗದಾಗ ದೇಹ ಕೆಡುತ್ತದೆ.

ಇದಕ್ಕೆ ಆಶಾ ಕಾರ್ಯಕರ್ತೆಯರಿಗಿಂತ ಸ್ಪಷ್ಟ ಉದಾಹರಣೆ ಹುಡುಕಬೇಕಿಲ್ಲ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬ ಆಶಾ ಎಂದು ನೇಮಿಸಿತು. ಸಾಮಾನ್ಯವಾಗಿ ಊರಿನ ಸೊಸೆಯೇ ಆಗಿರುವ ಈಕೆ ಗರ್ಭಿಣಿಯರ ಪಟ್ಟಿ ಇಡಬೇಕು, ನಡುರಾತ್ರಿ ಹೆರಿಗೆ ನೋವು ಬಂದರೆ 108ಕ್ಕೆ ಫೋನ್ ಮಾಡಿ ಜೊತೆಗೆ ಹೋಗಬೇಕು, ಮಗುವಿಗೆ ಲಸಿಕೆ ಹಾಕಿಸಬೇಕು, ಕ್ಷಯದ ಮಾತ್ರೆ ನುಂಗಿಸಬೇಕು. ಇಷ್ಟೆಲ್ಲ ಮಾಡಿದರೂ ಆಕೆ ಸರ್ಕಾರದ ಲೆಕ್ಕದಲ್ಲಿ ನೌಕರಳಲ್ಲ. ಸಿಗುವುದು ಗೌರವಧನ ಮತ್ತು ಕೆಲಸಕ್ಕಿಷ್ಟೆಂದು ಪ್ರೋತ್ಸಾಹಧನ. ಮಾಡಿದ ಕೆಲಸ ಪೋರ್ಟಲ್ಲಿನಲ್ಲಿ ದಾಖಲಾಗದಿದ್ದರೆ ಆ ದುಡ್ಡೂ ಬರುವುದಿಲ್ಲ ಎಂಬುದು ಕರ್ನಾಟಕದ ಆಶಾಗಳ ಬಹುಕಾಲದ ದೂರು. ದಾಖಲಿಸುವ ಅಧಿಕಾರ ಅವರ ಕೈಯಲ್ಲಿಲ್ಲ. ಕರಾಸೆಕ್ ಹೇಳಿದ್ದೂ ಇಲ್ಲಿದೆ, ಸೀಗ್ರಿಸ್ಟ್ ಹೇಳಿದ್ದೂ ಇಲ್ಲಿದೆ.

ಕೋವಿಡ್ ಬಂದಾಗ ಮನೆಮನೆ ಸಮೀಕ್ಷೆಗೆ ಮೊದಲು ಹೋದವರು ಇವರೇ. ಬೆಂಗಳೂರಿನಲ್ಲಿ 2020ರ ಏಪ್ರಿಲ್‌ನಲ್ಲಿ ಸಮೀಕ್ಷೆಗೆ ಹೋದವರ ಮೇಲೆ ಕೈ ಮಾಡಿದ ಘಟನೆಗಳೂ ನಡೆದವು. ಅದೇ ವರ್ಷದ ಜುಲೈನಲ್ಲಿ ರಾಜ್ಯದ ಸುಮಾರು 42,000 ಆಶಾಗಳು ತಿಂಗಳಿಗೆ 12,000 ರೂಪಾಯಿ ನಿಶ್ಚಿತ ಗೌರವಧನ ಕೇಳಿ ಕೆಲಸ ನಿಲ್ಲಿಸಿದರು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಜಾಗತಿಕ ಆರೋಗ್ಯ ನಾಯಕತ್ವದ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯಲ್ಲಿ ಅವರು ಮತ್ತೆ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕುಳಿತರು. ನಾಲ್ಕನೇ ದಿನ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿತು. ಇಂಥವರಿಗೆ ಒತ್ತಡ ನಿರ್ವಹಣೆಯ ತರಬೇತಿ ಕೊಡುವ ಮೊದಲು ಕೊಡಬೇಕಾದ್ದು ಬಾಕಿ ಹಣ.

ಇನ್ನು ದುಡಿಮೆಯ ಹೊತ್ತು. ಕಿರಿಯ ವೈದ್ಯರು ಸತತವಾಗಿ 12 ಗಂಟೆಗಿಂತ ಹೆಚ್ಚು, ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಯಬಾರದು ಎಂಬ ಕೇಂದ್ರ ಸರ್ಕಾರದ ಸೂಚನೆ 1992ರದು. ಇಂದು ಪಿ.ಜಿ. ಮಾಡುತ್ತಿರುವ ಬಹುತೇಕರು ಹುಟ್ಟುವ ಮೊದಲಿನದು. ವೈದ್ಯಕೀಯ ಕಾಲೇಜುಗಳಲ್ಲಿ 36 ಗಂಟೆಯ ಡ್ಯೂಟಿಯನ್ನು ಈಗಲೂ ಹೆಮ್ಮೆಯಿಂದ ಹೇಳಿಕೊಳ್ಳುವ ರೂಢಿಯಿದೆ. “ನಮ್ಮ ಕಾಲದಲ್ಲಿ ಎರಡು ದಿನ ನಿದ್ದೆ ಮಾಡದೆ ಕೆಲಸ ಮಾಡಿದ್ದೇವೆ” ಎಂದು ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಆ ಹಿರಿಯರ ಪ್ರಾಮಾಣಿಕತೆಯನ್ನು ಶಂಕಿಸಬೇಕಿಲ್ಲ. ಆದರೆ ಬಾಸ್ಟನ್ನಿನ ತೀವ್ರ ನಿಗಾ ಘಟಕಗಳಲ್ಲಿ ಇಂಟರ್ನ್‌ಗಳನ್ನು ಹಗಲೂ ರಾತ್ರಿ ಗಮನಿಸಿದ ಕ್ರಿಸ್ಟಫರ್ ಲ್ಯಾಂಡ್ರಿಗನ್ ತಂಡ 2004ರಲ್ಲಿ ವರದಿ ಮಾಡಿದಂತೆ, 24 ಗಂಟೆ ಮೀರಿದ ಪಾಳಿಗಳಿದ್ದ ಹಳೆಯ ಪದ್ಧತಿಯಲ್ಲಿ ಗಂಭೀರ ತಪ್ಪುಗಳು ಸುಮಾರು ಶೇ. 36ರಷ್ಟು ಹೆಚ್ಚಿದ್ದವು. ದಣಿದವರಿಗೆ ತಮ್ಮ ತಪ್ಪು ತಮಗೆ ಕಾಣುವುದಿಲ್ಲ ಎಂಬುದೇ ಇಲ್ಲಿನ ಅಪಾಯ. ಬ್ರಯಾನ್ ಸೆಕ್ಸ್‌ಟನ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಹೋಲಿಕೆಯೊಂದಿದೆ: ತಾವು ಎಷ್ಟು ದಣಿದಿದ್ದರೂ ಸಂಕಟದ ಹೊತ್ತಿನಲ್ಲಿ ಚೆನ್ನಾಗಿಯೇ ಕೆಲಸ ಮಾಡಬಲ್ಲೆವು ಎಂದು ಹಿರಿಯ ಸರ್ಜನ್‌ಗಳಲ್ಲಿ ಶೇ. 70 ಮಂದಿ ಹೇಳಿದರು. ವಿಮಾನದ ಪೈಲಟ್‌ಗಳಲ್ಲಿ ಹಾಗೆ ಹೇಳಿದವರು ಶೇ. 26 ಮಾತ್ರ.

2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನಲ್ಲಿ, ದೀರ್ಘ ಡ್ಯೂಟಿಯ ನಡುವೆ ಸೆಮಿನಾರ್ ಹಾಲಿನಲ್ಲಿ ಮಲಗಿದ್ದ ಕಿರಿಯ ವೈದ್ಯೆಯ ಮೇಲೆ ಅತ್ಯಾಚಾರ ಎಸಗಿ ಕೊಲೆ ಮಾಡಲಾಯಿತು. ದೇಶವೇ ಬೀದಿಗಿಳಿಯಿತು. ಸುಪ್ರೀಂ ಕೋರ್ಟ್ ಅದೇ ತಿಂಗಳ 20ರಂದು ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಆ ಕ್ರೌರ್ಯಕ್ಕೆ ಹೊಣೆ ಕೊಲೆಗಾರ. ಆದರೆ ಅದರ ಜೊತೆಯಲ್ಲೇ ಬಯಲಾದ ಒಂದು ಸಾಮಾನ್ಯ ಸಂಗತಿಯನ್ನು ಮರೆಯಬಾರದು: ರಾತ್ರಿ ದುಡಿಯುವ ವೈದ್ಯೆಗೆ, ನರ್ಸ್‌ಗೆ ಚಿಲಕವಿರುವ ಒಂದು ಕೋಣೆ, ಹತ್ತಿರದಲ್ಲಿ ಶೌಚಾಲಯ, ಬೆಳಕಿರುವ ಓಣಿ ನಮ್ಮ ಎಷ್ಟೋ ಆಸ್ಪತ್ರೆಗಳಲ್ಲಿ ಇಲ್ಲ.

ಅದೇ ವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗದ ಇನ್ನೊಂದು ಕಾರ್ಯಪಡೆಯ ವರದಿ ಹೊರಬಂದಿತ್ತು. ಅದರ ಅಧ್ಯಕ್ಷರಾಗಿದ್ದವರು ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯ ಡಾ. ಸುರೇಶ್ ಬಡಾ ಮಠ. ಆನ್‌ಲೈನ್ ಸಮೀಕ್ಷೆಗೆ ಉತ್ತರಿಸಿದ ಎಂಬಿಬಿಎಸ್ ವಿದ್ಯಾರ್ಥಿಗಳಲ್ಲಿ ಶೇ. 27.8, ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಶೇ. 15.3 ಮಂದಿ ತಮಗೆ ಮಾನಸಿಕ ತೊಂದರೆಯಿದೆ ಎಂದು ತಿಳಿಸಿದ್ದರು. ಕಿರಿಯ ವೈದ್ಯರ ದುಡಿಮೆ ವಾರಕ್ಕೆ 74 ಗಂಟೆ ಮೀರಬಾರದು, ವಾರಕ್ಕೊಂದು ರಜೆ ಇರಬೇಕು, ದಿನಕ್ಕೆ ಏಳೆಂಟು ಗಂಟೆ ನಿದ್ದೆ ಸಿಗಬೇಕು ಎಂದು ವರದಿ ಶಿಫಾರಸು ಮಾಡಿತು. 1992ರ 48 ಗಂಟೆ 2024ಕ್ಕೆ 74 ಆಯಿತು. ಅದನ್ನೂ ದೊಡ್ಡ ಸುಧಾರಣೆ ಎಂದು ಕಿರಿಯ ವೈದ್ಯರು ಸ್ವಾಗತಿಸಬೇಕಾಯಿತು.

ಕ್ಯಾಶುವಾಲ್ಟಿಯ ಬಾಗಿಲಲ್ಲಿ ನಡೆಯುವ ಹಲ್ಲೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಪತ್ರಿಕೆಗಳು ಹೇಳುತ್ತಲೇ ಇವೆ. ಕರ್ನಾಟಕ 2009ರಲ್ಲೇ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ತಡೆಯಲು ಪ್ರತ್ಯೇಕ ಕಾಯ್ದೆ ಮಾಡಿತು. ಕೇಂದ್ರ 2020ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ತಿದ್ದುಪಡಿ ತಂದಿತು. ಶಿಕ್ಷೆ ಬೇಕು. ಅದರ ಜೊತೆಗೆ, ರೋಗಿಯ ಮನೆಯವರನ್ನು ಕುರ್ಚಿ ಕೊಟ್ಟು ಕೂರಿಸಿ, ಸಾವಿನ ಸುದ್ದಿಯನ್ನು ಅವರ ಭಾಷೆಯಲ್ಲಿ ಹೇಳುವ ಒಬ್ಬ ಹಿರಿಯರು ಆ ಹೊತ್ತಿನಲ್ಲಿ ಇರಬೇಕು. ಆ ಕೆಲಸ ನಮ್ಮಲ್ಲಿ ಬೀಳುವುದು ಅಲ್ಲಿರುವವರಲ್ಲೇ ಅತಿ ಕಿರಿಯನಾದ ಹೌಸ್ ಸರ್ಜನ್ ತಲೆಯ ಮೇಲೆ.

ಈಗ ಕೂಡಿ ದುಡಿಯುವ ಪ್ರಶ್ನೆಗೆ ಬರಬಹುದು. 2005ರ ಮಾರ್ಚ್ 29ರಂದು ಇಂಗ್ಲೆಂಡಿನಲ್ಲಿ ಎಲೇನ್ ಬ್ರೋಮಿಲಿ ಎಂಬ 37 ವರ್ಷದ ಮಹಿಳೆ ಸೈನಸ್‌ನ ಸಣ್ಣ ಶಸ್ತ್ರಚಿಕಿತ್ಸೆಗೆ ದಾಖಲಾದರು. ಅರಿವಳಿಕೆ ಕೊಟ್ಟ ಮೇಲೆ ಉಸಿರಾಟದ ದಾರಿ ಮುಚ್ಚಿಕೊಂಡಿತು. ಗಂಟಲಿಗೆ ನಳಿಕೆ ಇಳಿಯಲಿಲ್ಲ, ಮುಖವಾಡದಿಂದ ಗಾಳಿ ಹೋಗಲಿಲ್ಲ. ಕೋಣೆಯಲ್ಲಿ ಅನುಭವಿಗಳಾದ ಇಬ್ಬರು ಅರಿವಳಿಕೆ ತಜ್ಞರು, ಒಬ್ಬ ಕಿವಿ-ಮೂಗು-ಗಂಟಲು ಸರ್ಜನ್ ಇದ್ದರು. ಇಂಥ ಹೊತ್ತಿನಲ್ಲಿ ಕುತ್ತಿಗೆಯ ಮುಂಭಾಗದಲ್ಲಿ ರಂಧ್ರ ಮಾಡಿ ಗಾಳಿ ಕೊಡಬೇಕು ಎಂಬುದು ಮೂವರೂ ಕಲಿತಿದ್ದ ಪಾಠ. ಆದರೂ ನಳಿಕೆ ಇಳಿಸುವ ಪ್ರಯತ್ನವೇ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಮುಂದುವರಿಯಿತು. ಸಂಕಟದಲ್ಲಿ ಗಮನವೆಲ್ಲ ಒಂದೇ ಕೆಲಸದ ಮೇಲೆ ಕೂತು ಗಡಿಯಾರ ಮರೆತುಹೋಗುತ್ತದೆ. ಇದು ಯಾರಿಗೂ ಆಗಬಹುದು.

ಅದೇ ಕೋಣೆಯಲ್ಲಿ ನರ್ಸುಗಳಿದ್ದರು. ಒಬ್ಬರು ಕೇಳುವ ಮೊದಲೇ ಟ್ರೇಕಿಯಾಸ್ಟಮಿ ಸೆಟ್ ತಂದಿಟ್ಟು, ಸಿದ್ಧವಿದೆ ಎಂದು ಹೇಳಿದರು. ಯಾರೂ ತಿರುಗಿ ನೋಡಲಿಲ್ಲ. ಇನ್ನೊಬ್ಬರು ಹೊರಗೆ ಹೋಗಿ ತೀವ್ರ ನಿಗಾ ಘಟಕದಲ್ಲಿ ಹಾಸಿಗೆ ಕಾಯ್ದಿರಿಸಿ ಬಂದು ತಿಳಿಸಿದರು. ವೈದ್ಯರ ನೋಟ ಕಂಡು ತಾನೇ ಅತಿ ಮಾಡಿದೆನೇನೋ ಎನ್ನಿಸಿ ಅದನ್ನು ರದ್ದು ಮಾಡಿದರು. ಏನು ಮಾಡಬೇಕೆಂದು ಆ ಕೋಣೆಗೆ ಗೊತ್ತಿತ್ತು. ಗೊತ್ತಿದ್ದವರ ಮಾತು ಮಾಡಬೇಕಾದವರ ಕಿವಿಗೆ ಬೀಳಲಿಲ್ಲ. ಎಲೇನ್ ಹದಿಮೂರು ದಿನಗಳ ನಂತರ ತೀರಿಕೊಂಡರು.

ಪತಿ ಮಾರ್ಟಿನ್ ಬ್ರೋಮಿಲಿ ವಿಮಾನದ ಪೈಲಟ್. ಅವರು ಶಿಕ್ಷೆ ಕೇಳಲಿಲ್ಲ, ತನಿಖೆ ಕೇಳಿದರು. ವಿಮಾನಯಾನದಲ್ಲಿ ಪ್ರತಿ ಅಪಘಾತದ ನಂತರ ಆಗುವಂತೆ ಏನಾಯಿತು, ಯಾಕಾಯಿತು ಎಂಬ ತನಿಖೆ. ಅವರ ವೃತ್ತಿ ಈ ಪಾಠವನ್ನು ದೊಡ್ಡ ಬೆಲೆ ತೆತ್ತು ಕಲಿತಿತ್ತು. 1977ರಲ್ಲಿ ಟೆನೆರೀಫ್ ದ್ವೀಪದ ರನ್‌ವೇ ಮೇಲೆ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಹೊರಡುವುದು ಸರಿಯೇ ಎಂಬ ಅನುಮಾನ ಕಾಕ್‌ಪಿಟ್ಟಿನ ಕಿರಿಯರಿಂದ ಬಂದಿತ್ತು, ಹಿರಿಯ ಕ್ಯಾಪ್ಟನ್ ಅದನ್ನು ಬದಿಗೆ ಸರಿಸಿದ್ದರು. ಮುಂದೆ ಕಿರಿಯರು ಹೇಗೆ ಎಚ್ಚರಿಸಬೇಕು, ಹಿರಿಯರು ಹೇಗೆ ಕೇಳಿಸಿಕೊಳ್ಳಬೇಕು ಎಂಬುದೇ ಪೈಲಟ್ ತರಬೇತಿಯ ಭಾಗವಾಯಿತು. ಬ್ರೋಮಿಲಿ 2007ರಲ್ಲಿ ಈ ಪಾಠವನ್ನು ವೈದ್ಯಕೀಯಕ್ಕೆ ತರುವ ಸಂಘಟನೆ ಕಟ್ಟಿದರು.

ನಮ್ಮಲ್ಲಿ ಈ ಮೌನಕ್ಕೆ ಇನ್ನಷ್ಟು ಪದರಗಳಿವೆ. ಸರ್ಜನ್, ಪಿ.ಜಿ., ಹೌಸ್ ಸರ್ಜನ್, ಸ್ಟಾಫ್ ನರ್ಸ್, ಟೆಕ್ನಿಷಿಯನ್, ಆಯಾ, ವಾರ್ಡ್ ಬಾಯ್ ಎಂಬ ಮೆಟ್ಟಿಲುಗಳ ಜೊತೆಗೆ ಗಂಡು–ಹೆಣ್ಣು, ಜಾತಿ, ಕಾಯಂ–ಗುತ್ತಿಗೆ, ಊರಿನವರು–ಹೊರಗಿನವರು ಎಂಬ ಗೆರೆಗಳೂ ಸೇರಿಕೊಳ್ಳುತ್ತವೆ. ಕೇರಳದಿಂದಲೋ ಈಶಾನ್ಯ ರಾಜ್ಯಗಳಿಂದಲೋ ಬಂದ ನರ್ಸ್ ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ರೋಗಿಯ ಕನ್ನಡವನ್ನೂ ವೈದ್ಯರ ಸಿಟ್ಟನ್ನೂ ಒಟ್ಟಿಗೆ ಕಲಿಯಬೇಕು. ವರ್ಷಕ್ಕೊಮ್ಮೆ ಗುತ್ತಿಗೆ ನವೀಕರಿಸಿಕೊಳ್ಳಬೇಕಾದ ನೌಕರ ಮೇಲಿನವರ ತಪ್ಪನ್ನು ತೋರಿಸುವುದೆಂದರೆ ಅನ್ನದ ಪ್ರಶ್ನೆ. ಮೇಲಿನವರಿಗೆ ಇದು ಕಾಣುವುದೂ ಕಷ್ಟ. ಅಮೆರಿಕದ ಕೆಲವು ಐಸಿಯುಗಳಲ್ಲಿ 2003ರಲ್ಲಿ ಕೇಳಿದಾಗ, ನರ್ಸುಗಳ ಜೊತೆ ತಮ್ಮ ಹೊಂದಾಣಿಕೆ ಬಹಳ ಚೆನ್ನಾಗಿದೆ ಎಂದ ವೈದ್ಯರು ಶೇ. 73. ವೈದ್ಯರ ಜೊತೆ ಹೊಂದಾಣಿಕೆ ಚೆನ್ನಾಗಿದೆ ಎಂದ ನರ್ಸುಗಳು ಶೇ. 33.

ತಪ್ಪುಗಳ ವಿಷಯದಲ್ಲಿ ಹಾರ್ವರ್ಡಿನ ಏಮಿ ಎಡ್ಮಂಡ್‌ಸನ್ ಕಂಡದ್ದು ಮೊದಲಿಗೆ ಅವರನ್ನೇ ಗೊಂದಲಕ್ಕೆ ಕೆಡವಿತು. ಒಳ್ಳೆಯ ಹೊಂದಾಣಿಕೆಯಿರುವ ವಾರ್ಡುಗಳಲ್ಲಿ ಔಷಧದ ತಪ್ಪುಗಳು ಕಡಿಮೆ ಇರುತ್ತವೆ ಎಂದುಕೊಂಡು ಹೋದರೆ ಲೆಕ್ಕ ಹೆಚ್ಚು ತೋರಿಸಿತು. ವಿಚಾರಿಸಿದಾಗ ತಿಳಿಯಿತು: ಅಲ್ಲಿ ತಪ್ಪುಗಳನ್ನು ಹೇಳಿಕೊಳ್ಳುತ್ತಿದ್ದರು. ಬೈಗುಳಕ್ಕೆ ಹೆದರುವ ವಾರ್ಡುಗಳಲ್ಲಿ ಮುಚ್ಚಿಡುತ್ತಿದ್ದರು. ‘ನಮ್ಮಲ್ಲಿ ಒಂದೂ ತಪ್ಪು ದಾಖಲಾಗಿಲ್ಲ’ ಎಂದು ವಾರ್ಷಿಕ ವರದಿಯಲ್ಲಿ ಬರೆಯುವ ಆಸ್ಪತ್ರೆಯ ಬಗ್ಗೆ ಆರೋಗ್ಯ ಇಲಾಖೆ ಮೊದಲು ಕಳವಳಪಡಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಪರಿಶೀಲನಾ ಪಟ್ಟಿ ಈ ಮೌನ ಮುರಿಯುವ ಒಂದು ಸರಳ ಉಪಾಯ. ಕೊಯ್ಯುವ ಮೊದಲು ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಬೇಕು. ರೋಗಿ ಯಾರು, ಯಾವ ಬದಿ, ಏನು ತೊಂದರೆ ಬರಬಹುದು ಎಂದು ಜೋರಾಗಿ ಹೇಳಿಕೊಳ್ಳಬೇಕು. ನವದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಪ್ರಯೋಗಿಸಿ 2009ರಲ್ಲಿ ವರದಿ ಮಾಡಿದಾಗ ಸಾವು ಶೇ. 1.5ರಿಂದ 0.8ಕ್ಕೆ, ತೊಡಕುಗಳು ಶೇ. 11ರಿಂದ 7ಕ್ಕೆ ಇಳಿದಿದ್ದವು. ಐದು ವರ್ಷಗಳ ನಂತರ ಕೆನಡಾದ ಒಂಟಾರಿಯೊದಲ್ಲಿ ಇದೇ ಪಟ್ಟಿಯನ್ನು ಆದೇಶದ ಮೂಲಕ 101 ಆಸ್ಪತ್ರೆಗಳಿಗೆ ಹೊರಿಸಿದ ಫಲವನ್ನು ಅಳೆದಾಗ ಗಮನಾರ್ಹ ಇಳಿಕೆ ಕಾಣಲಿಲ್ಲ. ಪಟ್ಟಿಯ ಮೇಲೆ ಟಿಕ್ ಹಾಕುವುದು ಎಲ್ಲ ಕಡೆ ಸಾಧ್ಯ. ಕಿರಿಯ ನರ್ಸ್ ಒಬ್ಬರು “ಸರ್, ಒಂದು ನಿಮಿಷ” ಎಂದಾಗ ಸರ್ಜನ್ ಕೈ ನಿಲ್ಲಿಸುವುದು ಆದೇಶದಿಂದ ಬರುವುದಿಲ್ಲ, ದಿನನಿತ್ಯದ ನಡವಳಿಕೆಯಿಂದ ಬರುತ್ತದೆ.

ಒತ್ತಡವನ್ನು ಜನ ಹೇಗೆ ತಾಳಿಕೊಳ್ಳುತ್ತಾರೆ ಎಂಬುದನ್ನು ರಿಚರ್ಡ್ ಲಜಾರಸ್, ಸೂಸನ್ ಫೋಕ್‌ಮನ್ 1984ರ ತಮ್ಮ ಪುಸ್ತಕದಲ್ಲಿ ಎರಡು ದಾರಿಗಳಾಗಿ ಬಿಡಿಸಿದರು: ಸಮಸ್ಯೆಯನ್ನೇ ಬದಲಿಸುವುದು, ಅದು ಹುಟ್ಟಿಸಿದ ಭಾವನೆಯನ್ನು ಸಂಭಾಳಿಸುವುದು. ನಮ್ಮ ವಾರ್ಡುಗಳಲ್ಲಿ ಎರಡೂ ನಡೆಯುತ್ತವೆ. ಮಗುವಿಗೆ ಜ್ವರ ಬಂದ ಗೆಳತಿಯ ನೈಟ್ ಡ್ಯೂಟಿಯನ್ನು ಇನ್ನೊಬ್ಬರು ‘ಅಡ್ಜಸ್ಟ್’ ಮಾಡಿಕೊಳ್ಳುವುದು, ಬೆಳಗಿನ ಜಾವ ನಾಲ್ಕಕ್ಕೆ ಫ್ಲಾಸ್ಕಿನ ಚಹಾವನ್ನು ಆಯಾ, ನರ್ಸ್, ಸೆಕ್ಯುರಿಟಿ ಮೂವರೂ ಹಂಚಿಕೊಳ್ಳುವುದು, ಸತ್ತ ಮಗುವಿನ ತಾಯಿಯ ಬಳಿ ಏನೂ ಮಾತಾಡದೆ ಕುಳಿತು ಬಂದು ಔಷಧದ ಕೋಣೆಯಲ್ಲಿ ಅತ್ತು ಮುಖ ತೊಳೆಯುವುದು. ಇವುಗಳಿಂದಲೇ ಆಸ್ಪತ್ರೆಗಳು ನಡೆಯುತ್ತಿವೆ. ಆದರೆ ಸಮಸ್ಯೆಯನ್ನು ಬದಲಿಸುವ ಅಧಿಕಾರ ಇಲ್ಲದವರಿಗೆ ಉಳಿಯುವುದು ಎರಡನೆಯ ದಾರಿ ಮಾತ್ರ. ಆಡಳಿತ ಕೂಡ ಅದನ್ನೇ ನೀಡುತ್ತದೆ: ಡಾಕ್ಟರ್ಸ್ ಡೇಗೆ ಒಂದು ಪ್ರೇರಣೆಯ ಭಾಷಣ, ನರ್ಸಸ್ ಡೇಗೆ ಯೋಗ ಶಿಬಿರ. ಯೋಗ ಒಳ್ಳೆಯದೇ. ವೈದ್ಯರ ಬಳಲಿಕೆ ತಗ್ಗಿಸಲು ನಡೆದ 19 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ನೋಡಿದಾಗ ಮಾತ್ರ, ವ್ಯಕ್ತಿಯನ್ನು ತಿದ್ದುವ ಕಾರ್ಯಕ್ರಮಗಳಿಗಿಂತ ಕೆಲಸದ ಏರ್ಪಾಟನ್ನು ತಿದ್ದುವ ಕ್ರಮಗಳು ಹೆಚ್ಚು ಫಲ ಕೊಟ್ಟಿದ್ದವು.

ತಪ್ಪು ಮಾಡಿದ ವೈದ್ಯ ಅಥವಾ ನರ್ಸ್‌ನ ಸಂಕಟಕ್ಕೆ ನಮ್ಮಲ್ಲಿ ಜಾಗವೇ ಇಲ್ಲ. ಆಲ್ಬರ್ಟ್ ವೂ ಎಂಬ ವೈದ್ಯರು 2000ದಲ್ಲಿ ಅವರನ್ನು ಎರಡನೇ ಬಲಿಪಶು ಎಂದು ಕರೆದರು. ಮೊದಲ ಬಲಿಪಶು ರೋಗಿ ಎಂಬುದನ್ನು ಅವರು ಮರೆತಿರಲಿಲ್ಲ. ತಪ್ಪಿನ ಭಾರದಲ್ಲಿ ಒಂಟಿಯಾದವರು ಮುಂದಿನ ರೋಗಿಯನ್ನೂ ಸರಿಯಾಗಿ ನೋಡಲಾರರು ಎಂಬುದು ಅವರ ಆತಂಕ. ಬಾಸ್ಟನ್ನಿನ ವಕೀಲ ಕೆನೆತ್ ಶ್ವಾರ್ಟ್ಸ್ ಶ್ವಾಸಕೋಶದ ಕ್ಯಾನ್ಸರ್‌ನಿಂದ 1995ರಲ್ಲಿ ಸಾಯುವ ಮುನ್ನ ಸ್ಥಾಪಿಸಿದ ಕೇಂದ್ರದಿಂದ ಒಂದು ಪದ್ಧತಿ ಹುಟ್ಟಿತು. ನಿಗದಿತ ದಿನ ವೈದ್ಯರು, ನರ್ಸುಗಳು, ಸ್ವಚ್ಛತಾ ಸಿಬ್ಬಂದಿ ಎಲ್ಲ ಒಂದು ಕೋಣೆಯಲ್ಲಿ ಕುಳಿತು, ಒಂದು ಪ್ರಕರಣ ತಮಗೆ ಹೇಗೆ ತಟ್ಟಿತು ಎಂದು ಮಾತಾಡುತ್ತಾರೆ. ಚಿಕಿತ್ಸೆ ಸರಿಯೋ ತಪ್ಪೋ ಎಂಬ ವಿಚಾರಣೆ ಅಲ್ಲಿಲ್ಲ. ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಸಾವಿನ ಪ್ರಕರಣಗಳ ಸಭೆ ನಡೆಯುತ್ತದೆ; ಅಲ್ಲಿ ನರ್ಸುಗಳಿಗೆ ಕುರ್ಚಿ ಹಾಕುವುದೇ ಒಳ್ಳೆಯ ಆರಂಭವಾದೀತು. ಮಾತು ಸಾಲದೆ ಚಿಕಿತ್ಸೆಯೇ ಬೇಕಾದವರಿಗೆ ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಇದೆ. ಕನ್ನಡದಲ್ಲೂ ಮಾತಾಡಬಹುದು, ಕರೆ ಉಚಿತ, ಕೆಲಸದ ಜಾಗದವರಿಗೆ ತಿಳಿಯುವ ಭಯವಿಲ್ಲ.

ಸಿಬ್ಬಂದಿಗೆ ಅಧಿಕಾರ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಮಿಷಿಗನ್ ರಾಜ್ಯದ ಐಸಿಯುಗಳು ಸಾಕ್ಷಿ. ದೊಡ್ಡ ರಕ್ತನಾಳಕ್ಕೆ ಹಾಕುವ ಸೆಂಟ್ರಲ್ ಲೈನ್‌ನಿಂದ ಸೋಂಕು ತಗುಲಿ ರೋಗಿಗಳು ಸಾಯುತ್ತಿದ್ದರು. ಪೀಟರ್ ಪ್ರೊನೊವೊಸ್ಟ್ ಎಂಬ ವೈದ್ಯರು ಕೈ ತೊಳೆಯುವುದರಿಂದ ಹಿಡಿದು ಬೇಡವಾದ ಲೈನ್ ತೆಗೆಯುವವರೆಗೆ ಐದೇ ನಿಯಮಗಳನ್ನು ಆರಿಸಿದರು. ಬೇಕಾದ ಸಾಮಾನೆಲ್ಲ ಒಂದೇ ಟ್ರಾಲಿಯಲ್ಲಿ ಇರುವಂತೆ ಮಾಡಿದರು. ಯಾವ ವೈದ್ಯರು ಒಂದು ನಿಯಮ ಬಿಟ್ಟರೂ ಅವರನ್ನು ತಡೆಯುವ ಹಕ್ಕನ್ನು ನರ್ಸ್‌ಗೆ ಕೊಟ್ಟು, ಆಕೆಯ ಬೆನ್ನಿಗೆ ಆಸ್ಪತ್ರೆಯ ಆಡಳಿತ ನಿಲ್ಲುತ್ತದೆ ಎಂದು ಮೊದಲೇ ಎಲ್ಲರಿಗೂ ತಿಳಿಸಿದರು. ನೂರಕ್ಕೂ ಹೆಚ್ಚು ಐಸಿಯುಗಳ ಫಲಿತಾಂಶ 2006ರಲ್ಲಿ ಪ್ರಕಟವಾದಾಗ ಸೋಂಕು ಶೇ. 66ರಷ್ಟರವರೆಗೆ ಕಡಿಮೆಯಾಗಿತ್ತು. ಹೊಸ ಯಂತ್ರ, ಹೊಸ ಔಷಧ ಯಾವುದೂ ಬಂದಿರಲಿಲ್ಲ.

ಕರ್ನಾಟಕದಲ್ಲಿ ಖಾಲಿ ಹುದ್ದೆ ತುಂಬಲು ಹಣ ಬೇಕು, ಸಚಿವ ಸಂಪುಟದ ತೀರ್ಮಾನ ಬೇಕು. ಡ್ಯೂಟಿ ಚಾರ್ಟನ್ನು ತಿಂಗಳ ಮೊದಲೇ ಹಾಕಲು, ಪಾಳಿ ಬದಲಾಗುವಾಗ ಹದಿನೈದು ನಿಮಿಷ ಎರಡೂ ಪಾಳಿಯವರು ಸಂಬಳದ ಮೇಲಿರುವಂತೆ ನೋಡಿಕೊಳ್ಳಲು, ರಾತ್ರಿ ಸಿಬ್ಬಂದಿಗೆ ಚಿಲಕವಿರುವ ಕೋಣೆ ಬಿಟ್ಟುಕೊಡಲು ವೈದ್ಯಕೀಯ ಅಧೀಕ್ಷಕರ ಸಹಿ ಸಾಕು. ಇಂಗ್ಲೆಂಡಿನ ಮಿಡ್ ಸ್ಟಾಫರ್ಡ್‌ಶೈರ್ ಆಸ್ಪತ್ರೆಯಲ್ಲಿ ರೋಗಿಗಳು ವರ್ಷಗಟ್ಟಲೆ ಅನುಭವಿಸಿದ ನಿರ್ಲಕ್ಷ್ಯದ ಬಗ್ಗೆ ರಾಬರ್ಟ್ ಫ್ರಾನ್ಸಿಸ್ 2013ರಲ್ಲಿ ವರದಿ ಕೊಟ್ಟರು. ನರ್ಸುಗಳ ಕೊರತೆ ಅಲ್ಲಿನ ಮುಖ್ಯ ಕಾರಣಗಳಲ್ಲೊಂದು. ಮರುವರ್ಷದಿಂದ ಅಲ್ಲಿನ ಸರ್ಕಾರಿ ಆಸ್ಪತ್ರೆಗಳು ಪ್ರತಿ ವಾರ್ಡಿನಲ್ಲಿ ಆ ಪಾಳಿಗೆ ಎಷ್ಟು ನರ್ಸುಗಳು ಇರಬೇಕು, ಎಷ್ಟು ಜನ ಇದ್ದಾರೆ ಎಂದು ರೋಗಿಗಳಿಗೂ ಅವರ ಮನೆಯವರಿಗೂ ಕಾಣುವಂತೆ ಬರೆದು ಹಾಕಬೇಕಾಯಿತು. ನಮ್ಮ ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಈ ಫಲಕ ಬರಬೇಕೆಂದು ಆರೋಗ್ಯ ರಕ್ಷಾ ಸಮಿತಿಗಳು ಮುಂದಿನ ಸಭೆಯಲ್ಲೇ ಕೇಳಬಹುದು. ಆ ಸಮಿತಿಗಳಲ್ಲಿ ಜನಪ್ರತಿನಿಧಿಗಳಿದ್ದಾರೆ, ಊರಿನವರಿದ್ದಾರೆ.